ಒಂದೇ ಕತ್ತಿನ ಅಳತೆ

ಜನವರಿ ೯

ಕಡ್ಡಿ,

ಪೆಟ್ಟಿಗೆ ಹಗುರವಾಗಿದೆ ಎಂದು ಅಂಚೆಯವನ ಮೇಲೆ ಅನುಮಾನಪಡಬೇಡ. ಒಳಗೆ ಈ ಕಾಗದ ಬಿಟ್ಟು ಬೇರೇನೂ ಇಲ್ಲ. ನಾಲ್ಕು ವರ್ಷ ನಮ್ಮಿಬ್ಬರ ಮನೆಗಳ ನಡುವೆ ಓಡಾಡಿ ಮೂಲೆ ಸವೆಸಿಕೊಂಡ ಪೆಟ್ಟಿಗೆ ನಿನ್ನದೇ. ನಿನ್ನದನ್ನು ನಿನಗೆ ಮುಟ್ಟಿಸಿದ್ದೇನೆ. ಇನ್ನು ಮುಂದೆ ನಾನು ಸರಗಳನ್ನು ಹರಾಜಿಗೆ ಕಳಿಸುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ವಾದ ಮಾಡುತ್ತೀ, ನಾನು ಸೋಲುತ್ತೇನೆ, ಆಮೇಲೆ ಎರಡು ದಿನ ಹಲ್ಲು ಕಡಿಯುತ್ತಾ ಕೂರುತ್ತೇನೆ. ಕಾಗದದ ಒಳ್ಳೆಯ ಗುಣವೆಂದರೆ ಬರೆದು ಮುಗಿಸುವವರೆಗೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ.

ನಿನ್ನ ಕೆಲಸದಲ್ಲಿ ಕೊರತೆ ಇತ್ತು ಎಂದಲ್ಲ. ನಾನು ತಾಮ್ರದ ತಂತಿ ಸುತ್ತಿ ಸರ ಮಾಡಿ ಕಳಿಸಿದೆ. ನೀನು ಅದನ್ನು ನಿನ್ನ ಕತ್ತಿಗೆ ಹಾಕಿಕೊಂಡು, ಗಲ್ಲದಿಂದ ಮೇಲೆ ಕಾಣದ ಹಾಗೆ ಫೋಟೋ ತೆಗೆದು, ಆನ್‌ಲೈನ್ ಹರಾಜಿಗೆ ಏರಿಸಿದೆ, ಗೆದ್ದವರಿಗೆ ರವಾನಿಸಿದೆ. ಆ ಫೋಟೋಗಳೆಲ್ಲ ನನ್ನ ಕೆಲಸದ ಮೇಜಿನ ಮುಂದಿನ ಗೋಡೆಯ ಮೇಲಿವೆ. ಆದರೆ ನೋಡು, ಮೋಟಾರ್ ರಿಪೇರಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕಾಯಿಲ್ ಸುತ್ತಿದವಳು ನಾನು. ಅಲ್ಲಿ ಸುತ್ತಿ ಮುಗಿಸಿದ ಮೇಲೆ ಸ್ವಿಚ್ ಒತ್ತುತ್ತಿದ್ದೆವು. ತಿರುಗಿದರೆ ತಿರುಗಿತು, ಇಲ್ಲದಿದ್ದರೆ ಸುಟ್ಟ ವಾಸನೆ ಬಂತು. ಸರ ಮಾಡಿ ನಿನಗೆ ಕಳಿಸಿದ ಮೇಲೆ ಅದು ತಿರುಗಿತೋ ಸುಟ್ಟಿತೋ ನನಗೆ ಗೊತ್ತೇ ಆಗುವುದಿಲ್ಲ. "ಚೆನ್ನಾಗಿದೆ, ಐದು ನಕ್ಷತ್ರ" ಎಂದು ಬರುತ್ತದೆ. ನಕ್ಷತ್ರ ಇಟ್ಟುಕೊಂಡು ನಾನೇನು ಮಾಡಲಿ? ಹಾಕಿಕೊಂಡವರ ಮುಖ ನೋಡಬೇಕು ನನಗೆ.

ಇಲ್ಲಿ ಹಳೆಯ ಗೋದಾಮಿನ ಅಂಗಳದಲ್ಲಿ ಶನಿವಾರ ಶನಿವಾರ ಮಾರುಕಟ್ಟೆ ಸೇರುತ್ತದೆ. ಒಂದು ಮೇಜಿನಷ್ಟು ಜಾಗ ಹಿಡಿದಿದ್ದೇನೆ. ಬೆಲೆಯ ಬಗ್ಗೆ ನಿನಗೆ ಚಿಂತೆ ಬೇಡ. ಹರಾಜಿನಲ್ಲಿ ನನ್ನ ಹನ್ನೊಂದು ಸರ ಗೆದ್ದುಕೊಂಡ ಆ 'ಹಸಿರುಕಿಟಕಿ' ಇದ್ದಾಳಲ್ಲ (ಇದ್ದಾನೋ ಏನೋ, ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಹೆಸರಿನಿಂದ ಗೊತ್ತಾಗುವುದಿಲ್ಲ), ಎಲೆಸರಕ್ಕೆ ಆಕೆ ಕೊಟ್ಟದ್ದೇ ನನ್ನ ಬೆಲೆ. ಕಾಣದ ಒಬ್ಬಳು ಅಷ್ಟು ಕೊಟ್ಟಿರುವಾಗ, ಎದುರಿಗೆ ನಿಂತು ಅದಕ್ಕಿಂತ ಕಡಿಮೆಗೆ ಮಾರುವ ಗತಿ ನನಗೆ ಬಂದಿಲ್ಲ. ನನ್ನ ಕೈಗೆ ಒಂದು ಬೆಲೆ ಇದೆ ಎಂದು ತೋರಿಸಿಕೊಟ್ಟವಳು ಅವಳೊಬ್ಬಳೇ.

ನಿನ್ನ ಗಂಡನನ್ನು ಕೇಳಿದೆ ಎಂದು ಹೇಳು.

ಈ ಸಲ ಸೋಲದ,
ಅಕ್ಕ


ಜನವರಿ ೨೧

ಅಕ್ಕಾ,

ಪೆಟ್ಟಿಗೆ ಬಂತು. ಖಾಲಿ ಪೆಟ್ಟಿಗೆಯ ಅಂಟುಪಟ್ಟಿಯನ್ನೂ ಹುಷಾರಾಗಿಯೇ ಕತ್ತರಿಸಿದೆ, ಅಭ್ಯಾಸಬಲ. ನಿನ್ನ ಕಾಗದ ಓದಿದ ಮೇಲೂ ತಳದ ಹಾಳೆ ಎತ್ತಿ ನೋಡಿದೆ, ಒಂದು ಕಿವಿಯೋಲೆಯಾದರೂ ಇದ್ದೀತು ಎಂದು.

ಎರಡು ದಾರಿ ತೋರಿಸಿದರೆ ನೀನು ಮೂರನೆಯದರಲ್ಲಿ ಹೋಗುವವಳು, ಗೊತ್ತಿದ್ದೂ ಹೇಳುತ್ತೇನೆ. ಮೋಟಾರ್ ಅಂಗಡಿಗೆ ಗಿರಾಕಿ ಬಂದರೆ ವೈಂಡಿಂಗ್ ಮೆಷಿನ್ನಿನ ಹಿಂದೆ ತಲೆ ತಗ್ಗಿಸಿ ಕೂರುತ್ತಿದ್ದವಳು ನೀನು. ನಾನು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಮೂಗಿಗೆ ಚೌಕಟ್ಟು ಕೂರಿಸುವವಳು. ಮುಖ ನೋಡಿ ಮಾರುವುದು ಎಂದರೆ ಏನೆಂದು ನನ್ನನ್ನು ಕೇಳು. ಹತ್ತು ಹಾಕಿ, ಹತ್ತು ತೆಗೆದು, ಕನ್ನಡಿಯಲ್ಲಿ ಮೂತಿ ತಿರುಗಿಸಿ ತಿರುಗಿಸಿ ನೋಡಿ, "ಆಮೇಲೆ ಬರ್ತೀನಿ" ಅನ್ನುತ್ತಾರೆ. ಆ 'ಆಮೇಲೆ' ಇವತ್ತಿನವರೆಗೂ ಬಂದಿಲ್ಲ. ಹರಾಜಿನಲ್ಲಿ ಆ ಅವಮಾನ ಇರಲಿಲ್ಲ. ಬೇಡದವರು ಸುಮ್ಮನೆ ಕೂಗುವುದಿಲ್ಲ, ಅಷ್ಟೇ.

ಹೋಗಲೇಬೇಕು ಎಂದಿದ್ದರೆ ಹೋಗು. ಒಂದೇ ಮಾತು. ಆ ಬೆಲೆಗೆ ಅಂಟಿಕೊಳ್ಳಬೇಡ. ಹರಾಜಿನಲ್ಲಿ ಒಬ್ಬೊಬ್ಬರಿಗೆ ಹಟ ಹಿಡಿಯುತ್ತದೆ, ಹಟದ ಬೆಲೆ ವಸ್ತುವಿನ ಬೆಲೆಯಲ್ಲ. ಬಂದವರು ಎಷ್ಟು ಕೊಡುತ್ತಾರೋ ನೋಡಿಕೊಂಡು ಇಡು. ಹಸಿರುಕಿಟಕಿಯನ್ನು ಮರೆತುಬಿಡು.

ಭಾನುವಾರ ಬೆಳಿಗ್ಗೆ ಫೋಟೋ ತೆಗೆಯುವ ಕೆಲಸ ಇಲ್ಲ. ಏನು ಮಾಡಬೇಕೋ ತಿಳಿಯದೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದೇನೆ. ನಮ್ಮನೆಯವರ ಕರವಸ್ತ್ರಗಳಿಗೂ ಇಸ್ತ್ರಿಯಾಯಿತು. ಅವರು ಹೆದರಿದ್ದಾರೆ.

ತಂಗಿ


ಫೆಬ್ರವರಿ ೪

ಕಡ್ಡಿ,

ನಗುವುದಾದರೆ ಈಗಲೇ ನಕ್ಕುಬಿಡು. ಮೊದಲನೇ ಶನಿವಾರ ಮೇಜು, ಬಟ್ಟೆ, ಇಪ್ಪತ್ತಾರು ಸರ, ಬೆಲೆಚೀಟಿ, ಕುಡಿಯುವ ನೀರು, ಮಡಚುವ ಕುರ್ಚಿ ಎಲ್ಲ ಹೊತ್ತುಕೊಂಡು ಹೋದೆ. ಕನ್ನಡಿ ಒಯ್ಯಲಿಲ್ಲ. ನಾಲ್ಕು ವರ್ಷದಲ್ಲಿ ಕನ್ನಡಿಯ ಅಗತ್ಯವೇ ಬಿದ್ದಿರಲಿಲ್ಲವಲ್ಲ, ಹೊಳೆಯಲೇ ಇಲ್ಲ. ಮೊದಲು ಬಂದ ಹೆಂಗಸು ಸರ ಕತ್ತಿಗೆ ಹಿಡಿದುಕೊಂಡು ಅತ್ತ ಇತ್ತ ನೋಡಿ, "ಕನ್ನಡಿ ಎಲ್ಲಿ?" ಎಂದಳು. ನಾನು ಬೆಪ್ಪಿಯಂತೆ, "ಚೆನ್ನಾಗೇ ಕಾಣುತ್ತೆ" ಎಂದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಆದರೆ ಕತ್ತಿನ ಸರಕ್ಕೆ ಬೇಕು ಎಂದು ಅವತ್ತು ತಿಳಿಯಿತು.

ಪಕ್ಕದಲ್ಲಿ ಬೀಗದ ಕೈ ಮಾಡುವವನು ಕೂರುತ್ತಾನೆ. ಬೋಳು ತಲೆ, ದೊಡ್ಡ ಬಾಯಿ. ಅವನ ಸ್ಕೂಟರಿನ ಕನ್ನಡಿಯನ್ನು ನನ್ನ ಕಡೆ ತಿರುಗಿಸಿಕೊಟ್ಟ. ಇಡೀ ದಿನ ಬಂದವರೆಲ್ಲ ಆ ಸ್ಕೂಟರಿನ ಮುಂದೆ ಮೊಣಕಾಲು ಮಡಿಸಿ ಕುಕ್ಕರಿಸಿ ನೋಡಿಕೊಂಡರು. ಕೊಂಡವರು ಯಾರೂ ಇಲ್ಲ. ಸಂಜೆ ಅವನು, "ಅಮ್ಮಾ, ನೀವು ಅಂಗಡಿ ಇಟ್ಟಿಲ್ಲ, ವಸ್ತುಪ್ರದರ್ಶನ ಇಟ್ಟಿದೀರಿ. ಟಿಕೆಟ್ ಇಡಿ, ಅದರಲ್ಲಾದ್ರೂ ನಾಲ್ಕು ಕಾಸು ಬರುತ್ತೆ" ಎಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಮುಖ ಹೇಳಿತು.

ಆದರೂ ನಾನು ಮಾತಾಡಿದೆ, ಕಡ್ಡಿ. ಮೆಷಿನ್ನಿನ ಹಿಂದೆ ಅಡಗಲಿಲ್ಲ. ಮೊದಲ ಮೂರು ಜನರ ಮುಂದೆ ನನ್ನ ಮಾತು ತಡವರಿಸಿತು, ನಾಲ್ಕನೆಯವಳಿಗೆ ತಂತಿಯನ್ನು ಹೇಗೆ ಹೊಸೆಯುತ್ತೇನೆ ಎಂದು ತೋರಿಸಿದೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನೇ ಓಡುತ್ತದೆ. ಸುಮಾರು ಜನ ಒಂದು ಮಾತು ಹೇಳಿದರು, "ಸ್ವಲ್ಪ ಬಿಗಿ ಆಯ್ತು" ಎಂದು. ಚಳಿಗೆ ಎಲ್ಲರೂ ದಪ್ಪ ಕಾಲರಿನ ಬಟ್ಟೆ ಹಾಕಿರುತ್ತಾರೆ, ಅದಕ್ಕಿರಬೇಕು.

ಅಕ್ಕ


ಫೆಬ್ರವರಿ ೨೭

ಕಡ್ಡಿ,

ಉತ್ತರ ಬರೆಯದಿದ್ದರೂ ಪರವಾಗಿಲ್ಲ, ಓದುತ್ತೀ ಎಂದು ಗೊತ್ತು. ಇವತ್ತು ನಿನ್ನಿಂದ ಒಂದು ಉಪಕಾರ ಆಗಬೇಕು.

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವ ಹೆಂಗಸೊಬ್ಬಳು ಮೂರು ಶನಿವಾರ ಸತತವಾಗಿ ಬಂದಳು. ಮೂರು ಸಲವೂ ಅದೇ ಎಲೆಸರ ಎತ್ತಿಕೊಂಡಳು. ಹಸಿರುಕಿಟಕಿ ಗೆದ್ದಳಲ್ಲ, ಅದರದ್ದೇ ಜೋಡಿ. ಬೆರಳಿನಿಂದ ಒಂದೊಂದೇ ಎಲೆ ಮುಟ್ಟುತ್ತಾಳೆ, ಹಿಂದುಮುಂದು ತಿರುಗಿಸುತ್ತಾಳೆ. "ಹಿಂದೆನೂ ಕೆಲಸ ಮಾಡಿದೀರಲ್ಲ, ಕಾಣಲ್ಲ ಅಂತ ಬಿಟ್ಟಿಲ್ಲ" ಎಂದಳು. ನಾಲ್ಕು ವರ್ಷದಲ್ಲಿ ಯಾವ ನಕ್ಷತ್ರವೂ ಈ ಮಾತು ಆಡಿರಲಿಲ್ಲ.

ಮೊನ್ನೆ ಹಾಕಿಕೊಂಡಳು. ಬಿಗಿಯಾಗಿಯೇ ಇತ್ತು. "ಇರಲಿ, ಅಡ್ಜಸ್ಟ್ ಮಾಡ್ಕೋತೀನಿ" ಎಂದಳು. ಕೆಳಗಿಟ್ಟಿದ್ದ ಚೀಲ ಎತ್ತಲು ಬಗ್ಗಿದಳು ನೋಡು, ಕೊಕ್ಕೆ ಬಿಚ್ಚಿಕೊಂಡು ಸರ ದೊಪ್ಪನೆ ನೆಲಕ್ಕೆ ಬಿತ್ತು. ಬೀಗದವನು ಕಿಸಕ್ಕನೆ ನಕ್ಕ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಅವಳು ಧೂಳು ಒರೆಸಿ, "ಕೊಕ್ಕೆ ಸರಿ ಮಾಡಿಕೊಡಿ, ತಗೋತೀನಿ" ಎಂದು ತನ್ನಿಂದ ಎಷ್ಟು ಕೊಡಲಾಗುತ್ತದೆ ಎಂದು ಹೇಳಿದಳು. ಚೀಟಿಯಲ್ಲಿದ್ದ ಬೆಲೆಯ ಅರ್ಧ. ನಾನು ಕತ್ತು ನೆಟ್ಟಗೆ ಮಾಡಿಕೊಂಡು, "ಇದೇ ಥರದ್ದನ್ನ ಒಬ್ರು ಪೂರಾ ಬೆಲೆ ಕೊಟ್ಟು ತಗೊಂಡಿದಾರೆ" ಎಂದೆ. ಅವಳು ಸರ ಮೇಜಿನ ಮೇಲೆ ಇಟ್ಟು, "ಹಾಗಾದ್ರೆ ಇದನ್ನೂ ಅವರಿಗೇ ಕೊಡಿ" ಎಂದು ಹೊರಟುಹೋದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ನಾನು ಮಾಡಿದ್ದು ಸರಿ ಎಂದು ಬುದ್ಧಿ ಹೇಳುತ್ತದೆ. ಹಾಗಿದ್ದರೂ ಆ ಸರವನ್ನು ಮತ್ತೆ ಮೇಜಿನ ಮೇಲೆ ಹರಡಲು ಕೈ ಬರಲಿಲ್ಲ.

ಉಪಕಾರ ಇದು: ಈ ಕಾಗದದ ಜೊತೆ ಇನ್ನೊಂದು ಇದೆ, ಹಸಿರುಕಿಟಕಿಗೆ ಬರೆದದ್ದು. ವಿಳಾಸ ನಿನ್ನ ಬಳಿ ಇದೆ. ದಯವಿಟ್ಟು ಕಳಿಸು.

ಅಕ್ಕ


ಫೆಬ್ರವರಿ ೨೭

ಹಸಿರುಕಿಟಕಿ ಅವರಿಗೆ,

ನೀವು ನನ್ನನ್ನು ನೋಡಿಲ್ಲ, ನಾನು ನಿಮ್ಮನ್ನು ನೋಡಿಲ್ಲ. ನಿಮ್ಮ ಬಳಿ ಇರುವ ಹನ್ನೊಂದು ತಾಮ್ರದ ಸರಗಳನ್ನು ಮಾಡಿದವಳು ನಾನು. ತಗೊಂಡಿದ್ದಕ್ಕೆ ಧನ್ಯವಾದ ಹೇಳಲು ಇಷ್ಟು ದಿನ ತಡ ಮಾಡಿದೆ.

ಅವುಗಳ ಕೊಕ್ಕೆಯ ಮೇಲೆ ನನಗೆ ಅನುಮಾನ ಬಂದಿದೆ. ಯಾವತ್ತಾದರೂ ತಾನಾಗಿ ಬಿಚ್ಚಿಕೊಂಡಿದೆಯೇ? ಬಗ್ಗಿದಾಗ ಬಿದ್ದಿದೆಯೇ? ಬೇಸರವಾಗುತ್ತದೆ ಎಂದು ಮುಚ್ಚಿಡಬೇಡಿ. ಹಾಳಾದ ಮೋಟಾರನ್ನು ಚೆನ್ನಾಗಿದೆ ಎಂದು ಹೇಳಿದರೆ ಅದು ತಿರುಗುವುದಿಲ್ಲ. ಹಾಕಿಕೊಂಡಾಗ ಎಲ್ಲಿಗೆ ಬರುತ್ತದೆ, ಬಿಗಿಯಾಗುತ್ತದೆಯೇ, ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ, ಎಲ್ಲ ಬರೆಯಿರಿ. ಅನುಕೂಲವಾದರೆ ಒಂದು ಶನಿವಾರ ನನ್ನ ಮೇಜಿಗೆ ಬನ್ನಿ. ಕನ್ನಡಿ ತಂದಿಟ್ಟಿದ್ದೇನೆ.

ಸರ ಮಾಡುವವಳು


ಮಾರ್ಚ್ ೮
(ಅಂಚೆಗೆ ಹಾಕದೆ ಇಟ್ಟದ್ದು)

ಅಕ್ಕಾ,

ಹೇಗೆ ಶುರು ಮಾಡಲಿ? ನೇರವಾಗಿ ಹೇಳಿಬಿಡುತ್ತೇನೆ. ಹಸಿರುಕಿಟಕಿ ನಾನೇ. ನಮ್ಮನೆಯವರ ಇಮೇಲಿನಲ್ಲಿ ಖಾತೆ ತೆರೆದಿದ್ದೆ. ನಿನ್ನ ಹನ್ನೊಂದು ಸರ ನನ್ನ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಬಿಸ್ಕತ್ ಡಬ್ಬಿಯಲ್ಲಿವೆ.

ಮೋಸ ಮಾಡಬೇಕು ಎಂದು ಮಾಡಿದ್ದಲ್ಲ. ನೀನು ಹದಿನೈದು ದಿನ ಕೂತು ಮಾಡಿದ ಎಲೆಸರವನ್ನು ಯಾರೋ ತಂತಿಯ ಬೆಲೆಗೂ ಕಡಿಮೆಗೆ ಕೂಗಿದರು. ಹರಾಜು ಮುಗಿಯಲು ಹತ್ತು ನಿಮಿಷ ಇತ್ತು. ನನಗೆ ತಡೆಯಲಾಗಲಿಲ್ಲ. ಸ್ವಲ್ಪ ಏರಿಸೋಣ, ಅವರು ಇನ್ನೂ ಮೇಲೆ ಹೋಗಲಿ ಎಂದು ಕೂಗಿದೆ. ಅವರೂ ಹೋದರು. ನಾನೂ ಹೋದೆ. ಅವರು ನಿಲ್ಲಿಸಿಬಿಟ್ಟರು. ಬಲೆ ಬೀಸಿದವಳೇ ಬಲೆಗೆ ಬಿದ್ದೆ. ಮುಂದಿನ ಸಲ ಹುಷಾರಾಗಿರುತ್ತೇನೆ ಅಂದುಕೊಂಡೆ, ಮುಂದಿನ ಸಲವೂ ಬಿದ್ದೆ. ನೀನು ಫೋನಿನಲ್ಲಿ, "ಅಷ್ಟು ಬಂತಾ? ನಿಜವಾಗ್ಲೂ?" ಎಂದು ಕೇಳಿದೆ. ಆ ದನಿ ಕೇಳಿದ ಮೇಲೆ ಹೇಗೆ ಹೇಳಲಿ? ಆಮೇಲಾಮೇಲೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಹತ್ತು ಹೀಗೆ ತಪ್ಪಿ ಗೆದ್ದದ್ದು. ಹನ್ನೊಂದನೆಯದು ಹಾಗಲ್ಲ. ಉಳಿದ ತಂತಿಯಲ್ಲಿ ನೀನು ಮಾಡಿದ ಒಂಟಿ ಗಂಟಿನ ಸಣ್ಣ ಸರ, ನೆನಪಿದೆಯಾ? ಅದನ್ನು ಬೇರೆ ಯಾರೂ ಕೂಗಲೇ ಇಲ್ಲ. ನಾನು ಬೇಕೆಂದೇ ಕೂಗಿದೆ. ನಾಲ್ಕು ವರ್ಷ ನಿನ್ನ ಒಂದೊಂದು ಸರವನ್ನೂ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಹಾಕಿಕೊಂಡು, ಫೋಟೋ ಆದ ಮೇಲೆ ಬಿಚ್ಚಿ, ಒರೆಸಿ, ಯಾರದೋ ವಿಳಾಸ ಬರೆದು ಕಳಿಸಿದ್ದೇನೆ. ನೀನು ಊರಿಗೆಲ್ಲ ಮಾಡಿದೆ, ನನಗೆ ಒಂದನ್ನೂ ಕೊಡಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ, ಗೊತ್ತು. ಕೇಳಬೇಕಲ್ಲ ಎನ್ನುವುದೇ ನನ್ನ ಸಂಕಟ. ಅದಕ್ಕೇ ಹಣ ಕೊಟ್ಟು ತಗೊಂಡೆ, ಯಾರ ಹಂಗೂ ಬೇಡ ಎಂದು.

ಅವುಗಳಿಗೆ ಕೊಟ್ಟ ದುಡ್ಡಿನ ಮಾತು ಎತ್ತಿದರೆ ಇನ್ನು ನಿನ್ನ ಮನೆ ಬಾಗಿಲು ತುಳಿಯುವುದಿಲ್ಲ.

ಆ ಟಿಕೆಟ್ ಕೌಂಟರಿನ ಹೆಂಗಸು ಹಾಗೆ ಹೊರಟುಹೋದದ್ದು...


ಮಾರ್ಚ್ ೧೫

ಸರ ಮಾಡುವವರಿಗೆ ನಮಸ್ಕಾರ.

ನಿಮ್ಮ ಪತ್ರ ನಿಮ್ಮ ಸಹೋದರಿಯವರ ಮೂಲಕ ತಲುಪಿತು. ಸರಗಳು ಬಹಳ ಚೆನ್ನಾಗಿವೆ. ನಾನು ದಿನಕ್ಕೊಂದರಂತೆ ಹಾಕಿಕೊಳ್ಳುತ್ತೇನೆ. ಕೊಕ್ಕೆ ಒಂದು ದಿನವೂ ಬಿಚ್ಚಿಕೊಂಡಿಲ್ಲ. ಬಿಗಿ ಎಂದೂ ಅನ್ನಿಸಿಲ್ಲ. ಬೆಲೆಯ ವಿಚಾರದಲ್ಲಿ ಮಾತ್ರ ಒಂದು ಮಾತು. ನಾನು ಅವಸರದಲ್ಲಿ ಕೂಗಿಬಿಟ್ಟೆ, ಅಷ್ಟು ಆಗಬಾರದಿತ್ತು. ಬೇರೆಯವರಿಗೆ ಕಡಿಮೆಗೆ ಕೊಟ್ಟರೆ ನನಗೆ ಬೇಸರವಿಲ್ಲ. ದೂರವಾದ್ದರಿಂದ ಬರಲು ಆಗುವುದಿಲ್ಲ.

ಇಂತಿ,
ಹಸಿರುಕಿಟಕಿ


ಏಪ್ರಿಲ್ ೨

ಕಡ್ಡಿ,

ನಿನ್ನ ಮೂಲಕ ಬಂದ ಹಸಿರುಕಿಟಕಿಯ ಉತ್ತರ ಓದಿದೆ. ಕಂಪ್ಯೂಟರಿನಲ್ಲಿ ಟೈಪು ಮಾಡಿದ ಕಾಗದ, ನಾಲ್ಕು ಮಡಿಕೆ ಮಡಚಿ ಒಂದು ಮೂಲೆಯನ್ನು ಒಳಗೆ ಸಿಕ್ಕಿಸಿದ್ದು. ನಮ್ಮ ಮನೆಯಲ್ಲಿ ಹಾಗೆ ಮಡಚುವವಳು ಒಬ್ಬಳಿದ್ದಳು, ಶಾಲೆಯ ಪ್ರಗತಿಪತ್ರವನ್ನು. ಅದು ಇರಲಿ, ಮಡಿಕೆ ಯಾರು ಬೇಕಾದರೂ ಮಡಚಬಹುದು.

ಆ ಹೆಂಗಸು ಹೋದ ಮೇಲೆ ನಾನು ಒಂದು ಪರೀಕ್ಷೆ ಮಾಡಿದೆ. ಮನೆಯಲ್ಲಿ ಉಳಿದಿರುವ ಸರಗಳಲ್ಲಿ ಹನ್ನೆರಡು ತೆಗೆದುಕೊಂಡು ಒಂದೊಂದಾಗಿ ಹಾಕಿಕೊಂಡು ಚಪ್ಪಲಿಯ ಪಟ್ಟಿ ಕಟ್ಟಲು ಬಗ್ಗಿದೆ. ಹನ್ನೆರಡೂ ನೆಲ ಕಂಡವು. ಕೆಳಗಿನ ಮನೆಯ ಹೊಲಿಗೆಯವಳನ್ನು ಕರೆದು ಹಾಕಿ ಬಗ್ಗಿಸಿದೆ, ಬಿತ್ತು. ಬೀಗದವನಿಗೂ ಹಾಕಿದೆ, ನಾಚಿಕೊಂಡ, ಬಗ್ಗಿದ, ಬಿತ್ತು. ಎಲ್ಲವೂ ಒಂದೇ ಕೊಕ್ಕೆ, ಹನ್ನೊಂದರದ್ದೂ ಅದೇ. ದಿನಕ್ಕೊಂದು ಹಾಕಿಕೊಳ್ಳುತ್ತಾಳೆ, ಒಂದು ದಿನವೂ ಬಿಚ್ಚಿಲ್ಲ ಅನ್ನುತ್ತಾಳೆ. ವರ್ಷಗಟ್ಟಲೆ ಒಮ್ಮೆಯೂ ಬಗ್ಗದೆ ಬದುಕಿದ ಹೆಂಗಸು ಯಾರೇ? ರಾಣಿಯೂ ಚಪ್ಪಲಿಗೆ ಬಗ್ಗುತ್ತಾಳೆ.

ಆಕೆ ಅವನ್ನು ಹಾಕಿಕೊಂಡೇ ಇಲ್ಲ. ಇನ್ನೂ ಏನೇನು ಎಂದು ನಾನು ಯೋಚಿಸುತ್ತಿಲ್ಲ, ಯೋಚಿಸಲು ಇಷ್ಟವಿಲ್ಲ. ಹನ್ನೊಂದು ಸರಗಳನ್ನೂ ಕಳಿಸಿಕೊಡಲು ಆಕೆಗೆ ಹೇಳು. ಕೊಕ್ಕೆ ಬದಲಿಸಿ ವಾಪಸು ಕಳಿಸುತ್ತೇನೆ. ಕೆಟ್ಟ ಕೆಲಸ ನನ್ನ ಹೆಸರಿನಲ್ಲಿ ಯಾರ ಮನೆಯಲ್ಲೂ ಇರಬಾರದು.

ಟಿಕೆಟ್ ಕೌಂಟರಿನವಳು ಐದು ಶನಿವಾರದಿಂದ ಬಂದಿಲ್ಲ. ಪ್ರತಿ ಶನಿವಾರ ಗೇಟಿನ ಕಡೆ ನೋಡುತ್ತೇನೆ. ಬೀಗದವನು, "ಬರೋರು ಬರ್ತಾರೆ, ಕತ್ತು ಉಳುಕಿಸಿಕೋಬೇಡಿ" ಅನ್ನುತ್ತಾನೆ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಡಬ್ಬಿಯಲ್ಲಿ ಹನ್ನೊಂದೂ ಇವೆ. ಜೊತೆಗೆ ಮಾರ್ಚ್ ಎಂಟರಂದು ಬರೆದು ಅಂಚೆಗೆ ಹಾಕದ ಕಾಗದ ಇದೆ, ಮೊದಲು ಅದನ್ನು ಓದು. ಕೊನೆಯ ಸಾಲು ಮುಗಿಸಿಲ್ಲ. ಆ ಹೆಂಗಸು ಹೋದದ್ದು ನನ್ನಿಂದ ಎಂದು ಬರೆಯಬೇಕಾಗಿತ್ತು, ಬರೆಯಲು ಆಗಲಿಲ್ಲ. ಅದರ ಬದಲು ಒಂದು ವಾರ ಬಿಟ್ಟು ಆ ಟೈಪು ಮಾಡಿದ ಹಾಳೆ ಕಳಿಸಿದೆ. ಒಂದು ಸುಳ್ಳನ್ನು ನಿಲ್ಲಿಸಲು ಇನ್ನೊಂದನ್ನು ಊರುಗೋಲಾಗಿ ಕೊಟ್ಟೆ.

ಆದರೆ ಕೊಕ್ಕೆಯ ಮಾತು ಸುಳ್ಳಲ್ಲ, ಅಕ್ಕಾ. ಹತ್ತು ಸರ ಡಬ್ಬಿ ಬಿಟ್ಟು ಹೊರಗೆ ಬಂದಿಲ್ಲ, ನಿಜ. ಒಂಟಿ ಗಂಟಿನದನ್ನು ಮಾತ್ರ ಮನೆಯಲ್ಲಿ ಹಾಕಿಕೊಳ್ಳುತ್ತೇನೆ. ನೆಲ ಒರೆಸುತ್ತೇನೆ, ಬಟ್ಟೆ ನೆನೆಹಾಕುತ್ತೇನೆ, ಬಗ್ಗುತ್ತೇನೆ, ಏಳುತ್ತೇನೆ. ಒಂದು ದಿನವೂ ಬಿಚ್ಚಿಕೊಂಡಿಲ್ಲ.

ಬೈಯುವುದಿದ್ದರೆ ಬೈ.

ತಂಗಿ


ಮೇ ೫

ಡಬ್ಬಿ ತಲುಪಿತು. ಎರಡೂ ಕಾಗದ ಓದಿದೆ. ನನಗೆ ಸಿಟ್ಟು ಬಂದಿದೆ. ಇಳಿದ ಮೇಲೆ ಬರೆಯುತ್ತೇನೆ.

ಅಕ್ಕ


ಜೂನ್ ೧೪

ಅಕ್ಕಾ, ಇಳಿಯಿತಾ?

ತಂಗಿ


ಜೂನ್ ೨೫

ಇಲ್ಲ.

ಅಕ್ಕ


ಆಗಸ್ಟ್ ೧೧

ಕಡ್ಡಿ,

ಈಗ ಬರೆಯಬಲ್ಲೆ. ಒಂದೇ ಗುಕ್ಕಿನಲ್ಲಿ ಬರೆಯುತ್ತೇನೆ, ಮಧ್ಯೆ ನಿಲ್ಲಿಸಿದರೆ ಮತ್ತೆ ಸಿಟ್ಟು ಬಂದೀತು.

ನೀನು ಕೂಗಿದ್ದಕ್ಕೆ ನನಗೆ ಸಿಟ್ಟಲ್ಲ. ನನ್ನ ಸರವನ್ನು ಅಗ್ಗವಾಗಿ ಬಿಡಲಾರದೆ ನೀನು ಒದ್ದಾಡಿದ್ದನ್ನು ಓದುವಾಗ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸುಳ್ಳು ಬೆಲೆಯ ಮೇಲೆ ನನ್ನನ್ನು ಹತ್ತಿಸಿ ಕೂರಿಸಿದೆ. ಅಲ್ಲಿ ಕೂತು ನಾನು ಒಬ್ಬ ನಿಜವಾದ ಗಿರಾಕಿಯನ್ನು ಕೀಳಾಗಿ ನೋಡಿದೆ. ಹಿಂದಿನ ಕೆಲಸವನ್ನೂ ತಿರುಗಿಸಿ ನೋಡಿದವಳನ್ನು, ಬಿಗಿಯಾದರೂ ಬೇಕು ಎಂದವಳನ್ನು. ಇಲ್ಲದ ಒಬ್ಬಳಿಗಾಗಿ ಇದ್ದವಳನ್ನು ಕಳಿಸಿಬಿಟ್ಟೆ. ನನ್ನ ಕೈಗೆ ಬೆಲೆಯೇ ಇಲ್ಲವೇನೋ ಎಂದು ಎರಡು ತಿಂಗಳು ತಂತಿ ಮುಟ್ಟಲಿಲ್ಲ. ಶನಿವಾರ ನನ್ನ ಜಾಗ ಖಾಲಿ ಇತ್ತು. ಬೀಗದವನು ಮನೆ ಹುಡುಕಿಕೊಂಡು ಬಂದು, "ಸತ್ತೇಹೋದ್ರಾ ಅಂತ ನೋಡೋಕೆ ಬಂದೆ" ಎಂದ. ಬದುಕಿದ್ದೇನೆ ಎಂದೆ. "ಹಾಗಾದ್ರೆ ಆ ಕೊಕ್ಕೆ ತೋರಿಸಿ" ಎಂದ.

ಅವನಿಗೆ ಬೀಗದ ಬುದ್ಧಿ. ಕೊಕ್ಕೆಯನ್ನು ಎಳೆದು, ಬಿಟ್ಟು, ಎಳೆದು ನೋಡಿದ. "ಇದು ಸಡಿಲ ಇದ್ದಾಗ ಗಟ್ಟಿಯಾಗೇ ಹಿಡಿಯುತ್ತೆ. ಎರಡೂ ಕಡೆಯಿಂದ ಎಳೆದ್ರೆ ಮಾತ್ರ ಬಿಟ್ಕೊಳ್ಳುತ್ತೆ" ಎಂದ. ಬಗ್ಗಿದಾಗ ಕತ್ತು ಉಬ್ಬುತ್ತದೆ, ಬಿಗಿ ಸರ ಇನ್ನೂ ಬಿಗಿಯಾಗುತ್ತದೆ, ಕೊಕ್ಕೆ ಬಿಡುತ್ತದೆ. ಸರಿ, ಹಾಗಾದರೆ ನಿನ್ನದು ಏಕೆ ಬಿಡಲಿಲ್ಲ? ಅಳತೆಪಟ್ಟಿ ತೆಗೆದುಕೊಂಡು ಕೂತೆ. ನಿನ್ನ ಹನ್ನೊಂದು, ನನ್ನ ಬಳಿ ಉಳಿದ ಇಪ್ಪತ್ತಾರು. ಎಲ್ಲವೂ ಹದಿನಾಲ್ಕು ಅಂಗುಲ. ಒಂದು ಕೂಡ ಕೂದಲೆಳೆಯಷ್ಟು ಆಚೀಚೆ ಇಲ್ಲ. ನಾನು ಯಾವತ್ತೂ ಅಳೆದು ಮಾಡಿದವಳಲ್ಲ. ಗೋಡೆಯ ಮೇಲಿನ ಫೋಟೋ ನೋಡಿಕೊಂಡು, ಅದರಲ್ಲಿ ಕಾಣುವ ಹಾಗೆ ಕತ್ತಿನ ಬುಡದ ಗುಳಿಗೆ ಸರಿಯಾಗಿ ಬರಲಿ ಎಂದು ಕಣ್ಣಂದಾಜಿನಲ್ಲಿ ಕತ್ತರಿಸುತ್ತಿದ್ದೆ. ತಲೆ ಎತ್ತಿ ಗೋಡೆ ನೋಡಿದೆ. ನಾಲ್ಕು ವರ್ಷದ ಫೋಟೋಗಳು, ಒಂದೇ ಕತ್ತು.

ಆ ಸಣಕಲು ಕತ್ತು ನಿನ್ನದು, ಕಡ್ಡಿ. ಜಗತ್ತಿಗೆ ಮಾರುತ್ತೇನೆ ಎಂದುಕೊಂಡು ನಾನು ನಾಲ್ಕು ವರ್ಷ ನಿನ್ನೊಬ್ಬಳ ಕತ್ತಿಗೆ ಮಾಡಿದ್ದೇನೆ. ಐದು ನಕ್ಷತ್ರ ಕೊಟ್ಟವರೆಲ್ಲ ಪಾಪ, ಒಮ್ಮೆ ಹಾಕಿಕೊಂಡು ಉಸಿರುಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟಿರಬೇಕು. ಎದುರಿಗೆ ಕನ್ನಡಿ ಹಿಡಿದು ನಿಲ್ಲದಿದ್ದರೆ ನನಗಿದು ಸಾಯುವವರೆಗೂ ತಿಳಿಯುತ್ತಿರಲಿಲ್ಲ. ಇದರಲ್ಲಿ ನಾನೇ ಗೆದ್ದೆ ಎಂದು ಒಪ್ಪಿಕೋ.

ಆಮೇಲೆ ಕೈ ತಾನಾಗಿಯೇ ತಂತಿ ಹಿಡಿಯಿತು. ಎಲೆಸರಕ್ಕೆ ಹಿಂಬದಿಯಲ್ಲಿ ಎರಡು ಅಂಗುಲ ಸರಪಳಿ ಸೇರಿಸಿದೆ, ಬೀಗದವನು ಹೇಳಿಕೊಟ್ಟ ಹಾಗೆ ಹೊಸ ಕೊಕ್ಕೆ ಹಾಕಿದೆ. ಹಾಕಿಕೊಂಡು ಹತ್ತು ಸಲ ಬಗ್ಗಿದೆ, ಸೊಂಟ ಹಿಡಿಯಿತು, ಸರ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದೆ. ಬರಲಿ ಎಂದು ಕಾಯುತ್ತಾ ಕೂರುವುದೂ ಒಂದು ಥರ ಹರಾಜೇ ಅಲ್ಲವೇ?

ಮೂರನೇ ಕೌಂಟರಿನಲ್ಲಿದ್ದಳು. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ತಲೆ ಎತ್ತದೆ, "ಎಲ್ಲಿಗೆ?" ಎಂದಳು.

"ಎಲ್ಲಿಗೂ ಇಲ್ಲ" ಎಂದೆ. "ಇದನ್ನ ನಿಮಗೆ ತಂದೆ. ಉದ್ದ ಮಾಡಿದೀನಿ. ಬೆಲೆ ನೀವು ಅವತ್ತು ಹೇಳಿದ್ದೇ. ಪೂರಾ ಕೊಟ್ಟವರು ಅಂತ ಹೇಳಿದ್ನಲ್ಲ, ಅದು ನನ್ನ ತಂಗಿ."

ಗಾಜಿನ ಕೆಳಗಿನ ಕಂಡಿಯಿಂದ ಸರ ತಳ್ಳಿದೆ. ಅವಳು ನನ್ನನ್ನೂ ನೋಡಿದಳು, ಸರವನ್ನೂ ನೋಡಿದಳು. ಹಿಂದಿನಿಂದ ಒಬ್ಬ, "ಏನ್ರೀ ಅದು, ಬಸ್ ಹೋಗುತ್ತೆ" ಎಂದು ಕೂಗಿದ. "ಹೋಗಲ್ಲ, ನಾನು ಟಿಕೆಟ್ ಕೊಡೋವರೆಗೂ ಎಲ್ಲೂ ಹೋಗಲ್ಲ" ಎಂದು ಅವನಿಗೆ ಹೇಳಿ, ಸರ ಹಾಕಿಕೊಂಡಳು. ಕೊಕ್ಕೆ ಒಂದೇ ಸಲಕ್ಕೆ ಸಿಕ್ಕಿಕೊಂಡಿತು. ಕನ್ನಡಿ ಇರಲಿಲ್ಲ. ಗಾಜಿನಲ್ಲೇ ನೋಡಿಕೊಂಡಳು. ಆ ಗಾಜಿನ ಈಚೆ ನನ್ನ ಮುಖ, ಆಚೆ ಅವಳ ಮುಖ. ಅವಳು ನಕ್ಕಳು ನೋಡು. ಬೇಕೆಂದೇ ಮೇಜಿನ ಕೆಳಗಿನ ಚೀಲಕ್ಕೆ ಕೈ ಹಾಕಿ ಬಗ್ಗಿ ಎದ್ದಳು. ಸರ ಅಲ್ಲೇ ಇತ್ತು. ದುಡ್ಡು ಎಣಿಸಿ ಕೊಟ್ಟು, "ಡಬ್ಬಿ ಬೇಡ, ಹೀಗೇ ಇರಲಿ" ಎಂದು ಮುಂದಿನವನನ್ನು ಕರೆದಳು.

ಮೋಟಾರ್ ತಿರುಗಿತು, ಕಡ್ಡಿ. ನಾನು ಕಣ್ಣಾರೆ ನೋಡಿದೆ.

ನಿನ್ನ ಹತ್ತು ಸರಗಳಿಗೂ ಸರಪಳಿ ಸೇರಿಸಿದ್ದೇನೆ, ಬರುವ ಶನಿವಾರ ಮೇಜಿನ ಮೇಲೆ ಇಡುತ್ತೇನೆ. ದುಡ್ಡಿನ ಮಾತು ಎತ್ತುವುದಿಲ್ಲ, ಆದರೆ ಮಾರಿ ಬಂದದ್ದು ನಿನ್ನದು. ಅದಕ್ಕೂ ಬಾಗಿಲು ತುಳಿಯುವುದಿಲ್ಲ ಅನ್ನುವುದಾದರೆ ನಾನೇ ಬಂದು ನಿನ್ನ ಬಾಗಿಲು ತುಳಿಯುತ್ತೇನೆ, ಅದಕ್ಕೂ ಕಿಟಕಿಯ ಹಾಗೇ ಹಸಿರು ಬಣ್ಣ ಬಳಿಸಿರುತ್ತೀ, ಹುಡುಕುವುದು ಕಷ್ಟವಲ್ಲ.

ಹನ್ನೊಂದನೆಯದು ಈ ಪೆಟ್ಟಿಗೆಯಲ್ಲಿದೆ. ಅದಕ್ಕೆ ಏನೂ ಮಾಡಿಲ್ಲ. ಉದ್ದ ಮಾಡಿಲ್ಲ, ಕೊಕ್ಕೆ ಬದಲಿಸಿಲ್ಲ, ಒರೆಸಿದ್ದೇನೆ ಅಷ್ಟೇ. ನಾನು ಒಂದನ್ನೂ ಕೊಡಲಿಲ್ಲ ಎಂದು ಬರೆದಿದ್ದೀ. ಎಲ್ಲವೂ ನಿನ್ನ ಅಳತೆಯವೇ ಆಗಿದ್ದವು, ಪೆದ್ದಿ, ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಶನಿವಾರ ನೀನೂ ಬಾ. ನಿಮ್ಮ ಕನ್ನಡಕದ ಅಂಗಡಿಯಲ್ಲಿ ಮೂಲೆ ಒಡೆದ ಕನ್ನಡಿ ಇದ್ದರೆ ಕೇಳಿಕೊಂಡು ಬಾ, ನನ್ನದು ಸಣ್ಣದು. ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ. ಕಾಗದದಲ್ಲಿ ಬೈದರೆ ನಿನ್ನ ಮುಖ ಕಾಣುವುದಿಲ್ಲ. ಅದನ್ನು ಎದುರಿಗೇ ಬೈಯುತ್ತೇನೆ.

ಅಕ್ಕ